ನಾಯಿಯ ಬಾಯಿಗೆ ಕಪ್ಪೆ ಸಿಕ್ಕಾಗ

ಮುಂಗಾರಿನ ಮೊದಲ ಮಳೆ ಹದವಾಗಿ ಬಿದ್ದು ನಿಂತ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಹೋಗಿದ್ದ ಕರೆಂಟು ಆಗಷ್ಟೇ ಬಂದಿದೆ. ಜಗಲಿಯ ದೀಪಕ್ಕೆ ಈಸಲು ಹುಳುಗಳು ಮುತ್ತಿವೆ. ಕೆಳಗೆ ಉದುರಿದ ಹುಳುಗಳನ್ನು ಆರಿಸಿ ತಿನ್ನಲು ತುಳಸಿಕಟ್ಟೆಯ ಸಂದಿಯಿಂದ ದಪ್ಪನೆಯ ಕಪ್ಪೆಯೊಂದು ಕುಪ್ಪಳಿಸುತ್ತ ಬಂದಿದೆ. ಮನೆಯ ನಾಯಿ ಟೈಗರ್‌ಗೆ ಇನ್ನೂ ಒಂದೂವರೆ ವರ್ಷ. ಅಲುಗಾಡುವ ಯಾವುದನ್ನೂ ಬಿಡದ ವಯಸ್ಸು. ಅದು ಕಪ್ಪೆಯನ್ನು ಮೂಸಿತು, ಕಾಲಿನಿಂದ ತಟ್ಟಿತು, ಬಾಯಿ ಹಾಕಿತು. ಮರುಕ್ಷಣವೇ ಉಗುಳಿತು.

ಎರಡು ನಿಮಿಷ ಕಳೆದಿರಲಿಲ್ಲ, ನಾಯಿ ತಲೆ ಕೊಡವತೊಡಗಿತು. ಬಾಯಿಯಿಂದ ಜೊಲ್ಲು ಇಳಿಯಿತು; ಜೊಲ್ಲು ಬಿಳಿ ನೊರೆಯಾಯಿತು. ಮುಂಗಾಲಿನಿಂದ ಮೂತಿಯನ್ನು ಉಜ್ಜಿಕೊಳ್ಳುತ್ತ, ನೆಲಕ್ಕೆ ತಿಕ್ಕುತ್ತ ಅಂಗಳದ ತುಂಬ ಸುತ್ತಿತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿದರು: “ಹತ್ತಿರ ಹೋಗಬೇಡಿ ರಾಯರೇ, ನಾಯಿಗೆ ಹುಚ್ಚು ಹಿಡಿದಿದೆ!” ಅಜ್ಜಿ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಯಾರೋ ದೊಣ್ಣೆ ಹುಡುಕತೊಡಗಿದರು.

ಈ ಗಳಿಗೆಯಲ್ಲಿ ಆ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಮೂರು ಜೀವಗಳ ಗತಿ ನಿಂತಿದೆ. ಹುಚ್ಚೆಂದು ಹೆದರಿ ಹೊಡೆದರೆ ನಾಯಿ ಸಾಯುತ್ತದೆ. ಸಿಟ್ಟು ಕಪ್ಪೆಯ ಮೇಲೆ ತಿರುಗಿದರೆ ಕಪ್ಪೆ ಸಾಯುತ್ತದೆ. ಇನ್ನೊಂದು ದಿನ, ನಿಜವಾಗಿಯೂ ಹುಚ್ಚು ಹಿಡಿದ ನಾಯಿಯನ್ನು ‘ಕಪ್ಪೆ ಕಚ್ಚಿರಬೇಕು ಬಿಡಿ’ ಎಂದು ಹಗುರವಾಗಿ ಕಂಡರೆ ಮನುಷ್ಯನೇ ಸಾಯಬಹುದು. ಆದ್ದರಿಂದ ನಾಯಿ ಮತ್ತು ಕಪ್ಪೆಯ ಈ ಚಿಕ್ಕ ಜಗಳದ ಹಿಂದಿರುವ ವಿಜ್ಞಾನವನ್ನು ತಿಳಿದುಕೊಳ್ಳುವುದು ಬರಿಯ ಕುತೂಹಲದ ಮಾತಲ್ಲ.

ಕಣ್ಣಿನ ಹಿಂದಿನ ಹಾಲು

ಎಲ್ಲ ಕಪ್ಪೆಗಳೂ ಒಂದೇ ಅಲ್ಲ. ಕೆರೆ, ಗದ್ದೆಗಳಲ್ಲಿ ಉದ್ದ ಕಾಲು ಚಾಚಿ ನೆಗೆಯುವ, ಒದ್ದೆ ನುಣುಪು ಚರ್ಮದ ಕಪ್ಪೆಗಳು ಒಂದು ಬಗೆ. ಮನೆಯ ಸುತ್ತ, ಹೂಕುಂಡದ ಅಡಿ, ಕಲ್ಲಿನ ಸಂದಿ, ಬಚ್ಚಲ ಮೂಲೆಗಳಲ್ಲಿ ವಾಸಿಸುವ ಒರಟು ಮೈಯ ನೆಲಗಪ್ಪೆ ಇನ್ನೊಂದು ಬಗೆ. ಅದರ ಕಾಲು ಗಿಡ್ಡ. ದೂರ ಹಾರಲಾರದು, ಚಿಕ್ಕ ಚಿಕ್ಕ ಕುಪ್ಪಳಿಕೆಯಲ್ಲೇ ಅದರ ಓಡಾಟ. ಮೈತುಂಬ ಗಂಟುಗಂಟು. ನಮ್ಮ ದೇಶದ ಸಾಮಾನ್ಯ ನೆಲಗಪ್ಪೆಯ ತಲೆಯ ಮೇಲೆ ಕಪ್ಪು ಬಣ್ಣದ ಏಣುಗಳಿರುತ್ತವೆ. ಹಣೆಗೆ ಕಾಡಿಗೆ ತೀಡಿದಂತೆ ಕಾಣುತ್ತದೆ. ವಿಜ್ಞಾನಿಗಳು ಅದನ್ನು ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್ ಎನ್ನುತ್ತಾರೆ.

ಈ ಕಪ್ಪೆಗೆ ಹಲ್ಲಿಲ್ಲ, ಚೂಪಾದ ಉಗುರಿಲ್ಲ, ಓಡುವ ಕಾಲೂ ಇಲ್ಲ. ಹಾವು, ಹಕ್ಕಿ, ಬೆಕ್ಕು, ನಾಯಿಗಳ ನಡುವೆ ಅದು ಬದುಕುವುದಾದರೂ ಹೇಗೆ? ನೆಲಗಪ್ಪೆಯನ್ನು ಹತ್ತಿರದಿಂದ ನೋಡಿದರೆ ಉತ್ತರ ಕಾಣುತ್ತದೆ. ಅದರ ಎರಡೂ ಕಣ್ಣುಗಳ ಹಿಂದೆ ಹುರುಳಿಕಾಯಿಯ ಬೀಜದಂತೆ ಉಬ್ಬಿದ ಎರಡು ದಿಂಬುಗಳಿವೆ. ಅವು ವಿಷದ ಗ್ರಂಥಿಗಳು. ಮೈಮೇಲಿನ ಗಂಟುಗಳಲ್ಲೂ ಇಂಥವೇ ಚಿಕ್ಕ ಗ್ರಂಥಿಗಳಿವೆ. ಕಪ್ಪೆಯನ್ನು ಯಾರಾದರೂ ಕಚ್ಚಿದರೆ, ಹಿಸುಕಿದರೆ ಗ್ರಂಥಿಯ ಸಣ್ಣ ರಂಧ್ರಗಳಿಂದ ಹಾಲಿನಂಥ ಬಿಳಿಯ ಅಂಟುದ್ರವ ಒಸರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾವು ತನ್ನ ವಿಷವನ್ನು ಹಲ್ಲಿನ ಮೂಲಕ ಚುಚ್ಚಿ ಕೊಡುತ್ತದೆ. ಕಪ್ಪೆಗೆ ಹಾಗೆ ಕೊಡುವ ಉಪಾಯವೇ ಇಲ್ಲ. ಅದರ ವಿಷವನ್ನು ಕಚ್ಚುವವನೇ ಪಡೆದುಕೊಳ್ಳಬೇಕು. ಸುಮ್ಮನೆ ಮೂಸಿದ ನಾಯಿಗೆ ಏನೂ ಆಗುವುದಿಲ್ಲ. ನೆಕ್ಕಿದ ನಾಯಿಗೆ ಸ್ವಲ್ಪ ಸಿಗುತ್ತದೆ. ಹಲ್ಲೂರಿ ಕಚ್ಚಿದರೆ ಗ್ರಂಥಿ ಹಿಂಡಿದಂತಾಗಿ ಹೆಚ್ಚು ಸಿಗುತ್ತದೆ. ಇಡಿಯಾಗಿ ನುಂಗಿದ ನಾಯಿಯದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಬಾಯಿಯ ಒಳಪದರ ತೆಳುವಾದ್ದರಿಂದ ವಿಷ ವಸಡು, ನಾಲಗೆಗಳ ಮೂಲಕವೇ ಬೇಗ ರಕ್ತಕ್ಕೆ ಸೇರುತ್ತದೆ.

ಕಪ್ಪೆ ಮುಟ್ಟಿದರೆ ನರುಲಿ ಏಳುತ್ತದೆ ಎಂಬ ನಂಬಿಕೆಯೊಂದಿದೆ. ಅದರಲ್ಲಿ ಹುರುಳಿಲ್ಲ. ಮನುಷ್ಯನ ನರುಲಿಗೆ ಕಾರಣ ಒಂದು ವೈರಸ್; ಕಪ್ಪೆಯ ಮೈಮೇಲಿನ ಗಂಟುಗಳಿಗೂ ಅದಕ್ಕೂ ಸಂಬಂಧವಿಲ್ಲ. ಕಪ್ಪೆಯನ್ನು ಮುಟ್ಟಿದ ಕೈಯನ್ನು ಕಣ್ಣಿಗೆ, ಬಾಯಿಗೆ ಒಯ್ಯದೆ ಸೋಪು ಹಾಕಿ ತೊಳೆದರೆ ಸಾಕು.

ಕಣಗಿಲೆಯ ನೆಂಟ

ಆ ಹಾಲಿನಲ್ಲಿ ಏನಿದೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಜೇಕಬ್ ಏಬಲ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಮ್ಯಾಕ್ಟ್ 1911–12ರ ಸುಮಾರಿಗೆ ಉಷ್ಣವಲಯದ ದೊಡ್ಡ ನೆಲಗಪ್ಪೆಯೊಂದರ ವಿಷವನ್ನು ಪರೀಕ್ಷಿಸಿದರು. ಅದರಿಂದ ಎರಡು ವಸ್ತುಗಳನ್ನು ಬೇರ್ಪಡಿಸಿದರು. ಒಂದು ಅಡ್ರಿನಲಿನ್, ಹೆದರಿದಾಗ, ಸಿಟ್ಟು ಬಂದಾಗ ನಮ್ಮ ರಕ್ತದಲ್ಲೂ ಏರುವ ರಸ. ಇನ್ನೊಂದು ನೇರವಾಗಿ ಗುಂಡಿಗೆಯ ಮೇಲೆ ಕೆಲಸ ಮಾಡುವ ವಸ್ತು. ಅದಕ್ಕೆ ಬ್ಯುಫಾಜಿನ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಬ್ಯುಫೋ’ ಎಂದರೆ ನೆಲಗಪ್ಪೆ. ಪಿತ್ತರಸದ ಆಮ್ಲಗಳ ಮೇಲಿನ ಸಂಶೋಧನೆಗಾಗಿ 1927ರ ರಸಾಯನ ವಿಜ್ಞಾನದ ನೊಬೆಲ್ ಪಡೆದ ಜರ್ಮನಿಯ ಹೈನ್ರಿಖ್ ವೀಲಾಂಡ್ ಕೂಡ ಕಪ್ಪೆಯ ವಿಷವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರೇ.

ಗುಂಡಿಗೆಯನ್ನು ಹಿಡಿಯುವ ಈ ವಸ್ತುವಿನ ನೆಂಟರು ನಮಗೆ ಅಪರಿಚಿತರಲ್ಲ. ಹಿತ್ತಿಲ ಬೇಲಿಯ ಕಣಗಿಲೆಯಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ ಬಗೆಯ ವಿಷ. ಕಣಗಿಲೆಯ ಎಲೆ, ಬೇರು ತಿಂದ ದನಕರು ಸಾಯುವುದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಯೂರೋಪಿನ ಫಾಕ್ಸ್‌ಗ್ಲೋವ್ ಎಂಬ ಹೂಗಿಡದಲ್ಲೂ ಇದೇ ಕುಟುಂಬದ ವಸ್ತುವಿದೆ. ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ರೋಗಕ್ಕೆ ಆ ಗಿಡವನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕು ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪುಸ್ತಕ ಬರೆದು ತಿಳಿಸಿದರು. ಆ ಜಾತಿಯ ಗಿಡದಿಂದ ಬಂದ ಡಿಜಾಕ್ಸಿನ್ ಎಂಬ ಔಷಧವನ್ನು ಇಂದಿಗೂ ಹೃದ್ರೋಗಿಗಳಿಗೆ ಕೊಡುತ್ತಾರೆ. ಗಿಡಗಳೂ ಕಪ್ಪೆಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಆಯುಧವನ್ನು ಕಂಡುಕೊಂಡಿವೆ ಎನ್ನಬೇಕು!

ಆಯುಧ ಒಂದೇ ಆದ್ದರಿಂದ ಅದು ಬೀಳುವ ಜಾಗವೂ ಒಂದೇ. ಪ್ರಾಣಿಗಳ ಬಹುತೇಕ ಪ್ರತಿಯೊಂದು ಜೀವಕೋಶದ ಪೊರೆಯಲ್ಲೂ ಬಾವಿಯ ಪಂಪಿನ ಹಾಗೆ ಹಗಲಿರುಳು ದುಡಿಯುವ ಒಂದು ಪ್ರೋಟೀನ್ ಇದೆ. ಒಳಗಿನ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ದಬ್ಬುವುದು, ಹೊರಗಿನ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆಯುವುದು ಅದರ ಕೆಲಸ. ನರಗಳ ಸುದ್ದಿ ಹರಿಯುವುದು, ಗುಂಡಿಗೆ ಲಯ ತಪ್ಪದೆ ಮಿಡಿಯುವುದು ಈ ಏರ್ಪಾಟಿನಿಂದ. ಇದನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಏಡಿಯ ನರಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಆ ಸಂಗತಿಗಾಗಿ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು.

ಕಪ್ಪೆಯ ವಿಷ ಈ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಆಗ ಸೋಡಿಯಂ ಒಳಗೇ ಉಳಿಯುತ್ತದೆ. ಅದರ ಹಿಂದೆ ಕ್ಯಾಲ್ಸಿಯಂ ಕೂಡುತ್ತದೆ. ಕ್ಯಾಲ್ಸಿಯಂ ಹೆಚ್ಚಿದ ಹೃದಯದ ಸ್ನಾಯು ಬಿರುಸಾಗಿ ಹಿಂಡಿಕೊಳ್ಳುತ್ತದೆ. ಅಳತೆಯಲ್ಲಿದ್ದರೆ ಸೋತ ಗುಂಡಿಗೆಗೆ ಅದೇ ಔಷಧ; ಅಳತೆ ಮೀರಿದರೆ ಬಡಿತ ಲಯ ತಪ್ಪುತ್ತದೆ, ಕೊನೆಗೆ ನಿಂತೇ ಹೋಗಬಹುದು. ಹಾಗಾದರೆ ಕಪ್ಪೆಯೇ ಏಕೆ ಸಾಯುವುದಿಲ್ಲ? ಅದರ ಪಂಪಿನ ರಚನೆ ತುಸು ಬೇರೆ. ವಿಷ ಅಂಟುವ ಜಾಗದಲ್ಲಿ ಚಿಕ್ಕ ಬದಲಾವಣೆಯಾಗಿ, ಅಂಟು ಹಿಡಿಯದಂತಾಗಿದೆ.

ನಾಯಿಯ ಮೈಯಲ್ಲಿ

ನಾಯಿಗೆ ಅಂಥ ರಕ್ಷಣೆ ಇಲ್ಲ. ವಿಷ ಬಾಯಿಗೆ ತಾಗಿದೊಡನೆ ಉರಿ, ಕಹಿ. ಅದನ್ನು ತೊಳೆದುಹಾಕಲು ಶರೀರ ಜೊಲ್ಲನ್ನು ಸುರಿಸುತ್ತದೆ. ತಲೆ ಕೊಡವುವಾಗ ಅದೇ ನೊರೆಯಾಗುತ್ತದೆ. ವಸಡುಗಳು ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತವೆ. ಹಲವು ನಾಯಿಗಳು ವಾಂತಿ ಮಾಡುತ್ತವೆ. ಹೆಚ್ಚು ವಿಷ ಒಳಸೇರಿದ್ದರೆ ಏದುಸಿರು, ತೂರಾಟ, ನಡುಕ, ಕಣ್ಣು ಅತ್ತಿಂದಿತ್ತ ಹೊರಳುವುದು, ಸೆಳೆತ ಕಾಣಿಸುತ್ತವೆ. ಗುಂಡಿಗೆ ಕೆಲವು ನಾಯಿಗಳಲ್ಲಿ ಓಡುತ್ತದೆ, ಕೆಲವುಗಳಲ್ಲಿ ನಿಧಾನವಾಗುತ್ತದೆ. ವಿಷದಲ್ಲಿರುವ ಅಡ್ರಿನಲಿನ್‌ನಂಥ ರಸಗಳು ಒಂದು ಕಡೆ ಎಳೆದರೆ, ಪಂಪು ನಿಲ್ಲಿಸುವ ವಸ್ತುಗಳು ಇನ್ನೊಂದು ಕಡೆ ಎಳೆಯುವುದೇ ಇದಕ್ಕೆ ಕಾರಣ.

ಯಾವ ನಾಯಿಗೆ ಎಷ್ಟು ಅಪಾಯ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಕಪ್ಪೆ ಎಷ್ಟು ದೊಡ್ಡದು, ನಾಯಿ ಎಷ್ಟು ಚಿಕ್ಕದು, ವಿಷ ಬಾಯಿಯಲ್ಲಿ ಎಷ್ಟು ಹೊತ್ತು ಇತ್ತು. ನಮ್ಮ ಮನೆಗಳ ಸುತ್ತಲಿನ ನೆಲಗಪ್ಪೆಯನ್ನು ಒಮ್ಮೆ ಬಾಯಲ್ಲಿ ಹಿಡಿದು ಉಗುಳಿದ ಬೆಳೆದ ನಾಯಿ ಸಾಮಾನ್ಯವಾಗಿ ಜೊಲ್ಲು ಸುರಿಸಿ, ಪೇಚಾಡಿ, ಸುಧಾರಿಸಿಕೊಳ್ಳುತ್ತದೆ. ಆದರೆ ಎರಡು ತಿಂಗಳ ಮರಿಯ ಮಾತು ಬೇರೆ. ಹೃದಯ ದುರ್ಬಲವಾದ ಮುದಿ ನಾಯಿಯ ಮಾತೂ ಬೇರೆ. ನಮ್ಮ ಕಪ್ಪೆಯ ವಿಷವನ್ನು ಹಗುರವಾಗಿ ಕಾಣುವಂತಿಲ್ಲ. ಲಾವೋಸ್ ದೇಶದಲ್ಲಿ ನೆಲಗಪ್ಪೆ ತಿಂದ ಜನ ವಿಷವೇರಿದ ಪ್ರಕರಣಗಳು 2007ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿವೆ. ಅವುಗಳಲ್ಲಿ ಸಾವೂ ಸೇರಿದೆ.

ಚೀನಾದಲ್ಲಿ ಈ ಹಾಲನ್ನು ಒಣಗಿಸಿ ‘ಚಾನ್ ಸು’ ಎಂಬ ಔಷಧ ಮಾಡುವ ಪದ್ಧತಿ ಹಳೆಯದು. ಅದಕ್ಕೆ ಬಳಸುವ ಕಪ್ಪೆಗಳಲ್ಲಿ ನಮ್ಮ ಅಂಗಳದ ಜಾತಿಯೂ ಒಂದು. ಕಾಮೋತ್ತೇಜಕವೆಂದು ಮಾರುತ್ತಿದ್ದ ಇಂಥ ಒಂದು ವಸ್ತುವನ್ನು ಮೈಗೆ ಹಚ್ಚುವ ಬದಲು ನುಂಗಿದ್ದರಿಂದ 1993ರಿಂದ 1995ರ ನಡುವೆ ನ್ಯೂಯಾರ್ಕ್ ನಗರದಲ್ಲಿ ಐವರು ಅಸ್ವಸ್ಥರಾಗಿ ನಾಲ್ವರು ಸತ್ತರು. ಅವರು ಕಾಯಿಲೆ ಇದ್ದವರಲ್ಲ, ಗಟ್ಟಿಮುಟ್ಟಾದ ಗಂಡಸರು.

ಕಬ್ಬಿನ ಗದ್ದೆಯಿಂದ ಹೊರಟ ಪಿಡುಗು

ನಾಯಿ ಮತ್ತು ಕಪ್ಪೆಯ ಜಗಳ ಪ್ರಾಣಕ್ಕೇ ಮುಳುವಾಗುವ ನಾಡುಗಳಿವೆ. ಅವುಗಳಲ್ಲಿ ಮೊದಲನೆಯದು ಆಸ್ಟ್ರೇಲಿಯಾ. ಅಲ್ಲಿನ ಕಥೆ ಮಂಡ್ಯದ ಕಬ್ಬು ಬೆಳೆಗಾರರಿಗೂ ಅರ್ಥವಾಗುವಂಥದ್ದು. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಕಬ್ಬಿನ ಬೇರನ್ನು ಗೊಣ್ಣೆಹುಳುಗಳು ಕಡಿದು ಹಾಕುತ್ತಿದ್ದವು. ದುಂಬಿಗಳನ್ನು ತಿಂದು ಮುಗಿಸಲಿ ಎಂದು ಸಕ್ಕರೆ ಪ್ರಯೋಗ ಕೇಂದ್ರದ ಕೀಟತಜ್ಞ ರೆಜಿನಾಲ್ಡ್ ಮಂಗೋಮೆರಿ 1935ರಲ್ಲಿ ಹವಾಯಿಯಿಂದ ನೂರಕ್ಕೆ ಒಂದೆರಡು ಹೆಚ್ಚು ಕಪ್ಪೆಗಳನ್ನು ತಂದರು. ಅವು ದಕ್ಷಿಣ ಮತ್ತು ಮಧ್ಯ ಅಮೆರಿಕ ಮೂಲದ ದೈತ್ಯ ನೆಲಗಪ್ಪೆಗಳು. ಕಬ್ಬಿನ ಹೆಸರಲ್ಲೇ ‘ಕೇನ್ ಟೋಡ್’ ಎಂದು ಪ್ರಸಿದ್ಧವಾದವು. ಏಬಲ್ ಅವರು ವಿಷ ತೆಗೆದದ್ದು ಇದೇ ಜಾತಿಯಿಂದ. ಗಾರ್ಡನ್‌ವೇಲ್ ಎಂಬ ಊರಲ್ಲಿ ಮರಿ ಮಾಡಿಸಿ, ಅದೇ ವರ್ಷ ಆಗಸ್ಟ್‌ನಲ್ಲಿ ಸುಮಾರು 2,400 ಕಪ್ಪೆಗಳನ್ನು ಗದ್ದೆಗಳಿಗೆ ಬಿಟ್ಟರು.

ದುಂಬಿಗಳು ಕಬ್ಬಿನ ಗರಿಯ ಮೇಲೆ, ಹುಳುಗಳು ಮಣ್ಣಿನೊಳಗೆ. ನೆಲದ ಮೇಲೆ ಕುಪ್ಪಳಿಸುವ ಕಪ್ಪೆಗೆ ಎರಡೂ ಎಟುಕಲಿಲ್ಲ. ಕಬ್ಬಿಗೆ ಉಪಕಾರವಾಗಲಿಲ್ಲ, ಕಪ್ಪೆಗಳು ಮಾತ್ರ ಹಬ್ಬುತ್ತ ಹೋದವು. 2001ರ ಹೊತ್ತಿಗೆ ಕಾಕಡು ರಾಷ್ಟ್ರೀಯ ಉದ್ಯಾನ, 2009ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿದವು. ನೆಲಗಪ್ಪೆಯನ್ನೇ ಕಂಡರಿಯದ ಖಂಡ ಅದು. ಕ್ವೋಲ್ ಎಂಬ ಬೆಕ್ಕಿನ ಗಾತ್ರದ ಪ್ರಾಣಿ, ಉಡಗಳು, ಹಾವುಗಳು, ಮೊಸಳೆಗಳು ಸಹ ಹೊಸ ಬೇಟೆಯೆಂದು ಬಾಯಿ ಹಾಕಿ ಸತ್ತವು. ಸಾಕು ನಾಯಿಗಳಿಗೂ ಅದೇ ಗತಿ ಕಾದಿತ್ತು. ಅಂಗೈಯಗಲದ ಆ ಕಪ್ಪೆಯ ಒಂದು ಗ್ರಂಥಿಯಲ್ಲಿರುವ ವಿಷವೇ ಚಿಕ್ಕ ನಾಯಿಯೊಂದಕ್ಕೆ ಸಾಕಾಗಬಹುದು. ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ನಾಯಿ ಸಾಯುವುದುಂಟು.

ಅಮೆರಿಕದ ಫ್ಲಾರಿಡಾದಲ್ಲೂ ಈ ಕಪ್ಪೆ ಬೇರೂರಿದೆ. ಅಲ್ಲಿ 1997–98ರಲ್ಲಿ ಆಸ್ಪತ್ರೆಗೆ ಬಂದ ಇಂಥ 94 ನಾಯಿಗಳ ದಾಖಲೆಗಳನ್ನು ಪಶುವೈದ್ಯರು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದರು. ನರಗಳಿಗೆ ಸಂಬಂಧಿಸಿದ ತೊಂದರೆ, ಕೆಂಪಡರಿದ ವಸಡು, ಜೊಲ್ಲು, ಕುಸಿದು ಬೀಳುವುದು ಮುಖ್ಯ ಲಕ್ಷಣಗಳಾಗಿದ್ದವು. ಸಂತೋಷದ ಮಾತೆಂದರೆ, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಪಡೆದ ಆ ನಾಯಿಗಳಲ್ಲಿ ಬಹುಪಾಲು ಬದುಕಿದವು. ಅಷ್ಟು ಕಟು ವಿಷಕ್ಕೇ ಈ ಮಾತು ಸಲ್ಲುವುದಾದರೆ, ನಮ್ಮ ಕಪ್ಪೆಯ ಎದುರು ನಾವು ಕೈಚೆಲ್ಲಿ ಕೂರಬೇಕಾದ್ದಿಲ್ಲ.

ಕೇನ್ ಟೋಡ್ ಭಾರತದಲ್ಲಿ ನೆಲೆಸಿಲ್ಲ. ಹಾಗೆಂದು ನಮ್ಮ ಕಪ್ಪೆ ಸಾಧು, ಹೊರಗಿನದು ಮಾತ್ರ ದುಷ್ಟ ಎನ್ನುವಂತೆಯೂ ಇಲ್ಲ. ನಮ್ಮ ನೆಲಗಪ್ಪೆಯ ಜಾತಿಯೇ ಆಗ್ನೇಯ ಏಷ್ಯಾ ಕಡೆಯಿಂದ ಹಡಗಿನ ಸರಕಿನೊಡನೆ ಮಡಗಾಸ್ಕರ್ ದ್ವೀಪ ಸೇರಿರುವುದು 2014ರಲ್ಲಿ ಬೆಳಕಿಗೆ ಬಂತು. ತೊಆಮಸೀನಾ ಬಂದರಿನ ಸುತ್ತ ಅದು ಹಬ್ಬಿದೆ. ಅಲ್ಲಿನ ಪ್ರಾಣಿಗಳ ಪಂಪನ್ನು ಪರೀಕ್ಷಿಸಿದ ವಿಜ್ಞಾನಿಗಳು, ಬಹುತೇಕ ಯಾವುದಕ್ಕೂ ಈ ವಿಷವನ್ನು ತಡೆಯುವ ಶಕ್ತಿ ಇಲ್ಲವೆಂದು 2018ರಲ್ಲಿ ತಿಳಿಸಿದರು. ಇಲ್ಲಿ ನಮ್ಮ ಗದ್ದೆಯ ಹಾವುಗಳು ನೆಲಗಪ್ಪೆಯನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಏಷ್ಯಾದ ಉಡಗಳ ಪಂಪಿನಲ್ಲೂ ವಿಷ ಅಂಟದ ಬದಲಾವಣೆ ಇದೆ. ಆಸ್ಟ್ರೇಲಿಯಾದ ಉಡಗಳಲ್ಲಿ ಇಲ್ಲ. ಲಕ್ಷಾಂತರ ವರ್ಷ ಒಂದೇ ಅಂಗಳದಲ್ಲಿ ಬಾಳಿದವರು ಒಬ್ಬರ ಆಯುಧಕ್ಕೆ ಇನ್ನೊಬ್ಬರು ಗುರಾಣಿ ಮಾಡಿಕೊಂಡಿದ್ದಾರೆ. ಕಪ್ಪೆ ಎಲ್ಲಿಯದೋ ಅಲ್ಲಿದ್ದರೆ ಅದು ಪಿಡುಗಲ್ಲ.

ನೀರೇ ಮೊದಲ ಮದ್ದು

ಮತ್ತೆ ಟೈಗರ್‌ನ ಅಂಗಳಕ್ಕೆ ಬರೋಣ. ನಾಯಿ ಕಪ್ಪೆಗೆ ಬಾಯಿ ಹಾಕಿದ್ದನ್ನು ಕಂಡವರು ಮಾಡಬೇಕಾದ ಮೊದಲ ಕೆಲಸ, ಬಾಯಿಯಲ್ಲಿ ಕಪ್ಪೆ ಉಳಿದಿದ್ದರೆ ಬಿಡಿಸುವುದು. ಎರಡನೆಯದು ನೀರು. ನಲ್ಲಿಯ ಪೈಪನ್ನು ಮೆಲ್ಲಗೆ ಬಿಟ್ಟು, ನಾಯಿಯ ಮೂತಿಯನ್ನು ಕೆಳಮುಖ ಮಾಡಿ ಹಿಡಿದು, ಬಾಯಿಯ ಪಕ್ಕದಿಂದ ನೀರು ಹಾಯಿಸಬೇಕು. ಒಳಗೆ ಹೋದ ನೀರು ಹೊರಕ್ಕೇ ಹರಿದುಬರಬೇಕು, ಗಂಟಲಿಗೆ ಇಳಿಯಬಾರದು. ತಲೆಯೆತ್ತಿಸಿ ನೀರು ಹೊಯ್ದರೆ ವಿಷ ಹೊಟ್ಟೆಗೂ ನೀರು ಶ್ವಾಸಕೋಶಕ್ಕೂ ಹೋಗುತ್ತದೆ. ಉಪಕಾರ ಮಾಡಹೋಗಿ ಅಪಕಾರ ಮಾಡಿದಂತೆ.

ಹಾಲು ಅಂಟಾಗಿರುವುದರಿಂದ ನೀರೊಂದೇ ಸಾಲದು. ಒದ್ದೆ ಬಟ್ಟೆಯಿಂದ ವಸಡು, ನಾಲಗೆ, ಕೆನ್ನೆಯ ಒಳಭಾಗಗಳನ್ನು ಒರೆಸಬೇಕು. ಬಟ್ಟೆಯನ್ನು ಮತ್ತೆ ಮತ್ತೆ ಜಾಲಿಸಿ ಐದರಿಂದ ಹತ್ತು ನಿಮಿಷ ಹೀಗೆ ಮಾಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ, ಹುಣಿಸೆರಸ ಹೊಯ್ಯುವುದು ಬೇಡ. ಸೆಳೆತ ಬಂದ, ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರನ್ನೂ ಬೆರಳನ್ನೂ ಹಾಕಕೂಡದು. ಅಂಥ ನಾಯಿಯನ್ನು ಪಕ್ಕಕ್ಕೆ ಮಲಗಿಸಿ ನೇರವಾಗಿ ಪಶುವೈದ್ಯರಲ್ಲಿಗೆ ಒಯ್ಯುವುದೇ ದಾರಿ.

ತೊಳೆದ ಮೇಲೆ ಜೊಲ್ಲು ಕಡಿಮೆಯಾಗಿ, ನಾಯಿ ಚುರುಕಾಗಿ, ಹೆಸರು ಹಿಡಿದು ಕರೆದರೆ ಬಾಲ ಆಡಿಸುವಂತಿದ್ದರೆ ಕೆಲವು ಗಂಟೆ ಕಣ್ಣಿಟ್ಟು ಕಾಯಬಹುದು. ತೂರಾಟ, ನಡುಕ, ಬಿಡದ ವಾಂತಿ, ಏದುಸಿರು, ನಿತ್ರಾಣ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕಪ್ಪೆಯನ್ನು ನುಂಗಿದ್ದರೆ, ನಾಯಿ ಇನ್ನೂ ಮರಿಯಾಗಿದ್ದರೆ ಲಕ್ಷಣ ಕಾಣುವ ಮೊದಲೇ ಒಯ್ಯುವುದು ಲೇಸು. ವೈದ್ಯರು ಗುಂಡಿಗೆಯ ಬಡಿತ ನೋಡಿ, ಓಡುತ್ತಿದ್ದರೆ ತಡೆಯುವ ಮದ್ದು, ನಿಧಾನವಾಗಿದ್ದರೆ ಏರಿಸುವ ಮದ್ದು, ಸೆಳೆತಕ್ಕೆ ಚುಚ್ಚುಮದ್ದು, ರಕ್ತನಾಳಕ್ಕೆ ಡ್ರಿಪ್ ಕೊಡುತ್ತಾರೆ. ಕಣಗಿಲೆ ಜಾತಿಯ ವಿಷಕ್ಕೆ ಬಳಸುವ ಪ್ರತಿವಿಷ ಕಪ್ಪೆಯ ವಿಷಕ್ಕೂ ಕೆಲಸ ಮಾಡಬಲ್ಲದು. ಆದರೆ ಅದು ಬಹಳ ದುಬಾರಿ.

ಬರುವ ಮೊದಲೇ ತಡೆಯುವುದು ಇನ್ನೂ ಸುಲಭ. ಮಳೆಗಾಲದ ರಾತ್ರಿ ನಾಯಿಯನ್ನು ಹೊರಬಿಡುವ ಮುಂಚೆ ಟಾರ್ಚು ಹಾಕಿ ಅಂಗಳ ನೋಡಬೇಕು. ಹುಳುಗಳನ್ನು ಸೆಳೆಯುವ ಹೊರದೀಪವನ್ನು ಬೇಡದ ಹೊತ್ತಿನಲ್ಲಿ ಆರಿಸಬೇಕು. ಹುಳು ಇಲ್ಲದಲ್ಲಿ ಕಪ್ಪೆಗೆ ಕೆಲಸವಿಲ್ಲ. ನಾಯಿಯ ಅನ್ನದ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬಾರದು. ನೀರಿನ ಬೋಗುಣಿಯನ್ನು ಎತ್ತರದಲ್ಲಿಟ್ಟು, ಬೆಳಿಗ್ಗೆ ನೀರು ಬದಲಿಸಬೇಕು; ರಾತ್ರಿ ಅದರಲ್ಲಿ ಕಪ್ಪೆ ಕುಳಿತು ಹೋಗಿರಬಹುದು. ‘ಬಿಡು’ ಎಂದರೆ ಬಿಡುವುದನ್ನು ಮರಿಯಾಗಿದ್ದಾಗಲೇ ಕಲಿಸಿದ ನಾಯಿಗೆ ಅರ್ಧ ಅಪಾಯ ತಪ್ಪಿದಂತೆ. ಒಮ್ಮೆ ಕಹಿ ಉಂಡ ನಾಯಿ ತಾನಾಗಿಯೇ ಪಾಠ ಕಲಿಯುತ್ತದೆ ಎಂದು ನೆಚ್ಚಿ ಕೂರುವಂತಿಲ್ಲ. ಹಲವು ಕಲಿಯುತ್ತವೆ, ಕೆಲವು ಮತ್ತೆ ಮತ್ತೆ ಹೋಗುತ್ತವೆ.

ಕಹಿಯ ಪಾಠವನ್ನೇ ಆಸ್ಟ್ರೇಲಿಯಾದ ವಿಜ್ಞಾನಿಗಳು ಉಪಾಯವಾಗಿ ಬಳಸಿದ್ದುಂಟು. ವಾಂತಿ ಬರಿಸುವ ಔಷಧ ಸೇರಿಸಿದ ಚಿಕ್ಕ ಸತ್ತ ಕಪ್ಪೆಯನ್ನು ಕ್ವೋಲ್‌ಗಳಿಗೆ ತಿನ್ನಿಸಿ, ಆಮೇಲೆ ಅವನ್ನು ಕಾಡಿಗೆ ಬಿಟ್ಟರು. ಹೊಟ್ಟೆ ತೊಳಸಿದ ನೆನಪಿಗೆ ಅವು ಜೀವಂತ ಕಪ್ಪೆಯ ತಂಟೆಗೆ ಹೋಗುವುದು ಕಡಿಮೆಯಾಯಿತು. ಪಾಠ ಕಲಿಯದವುಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂದು 2010ರಲ್ಲಿ ವರದಿಯಾಯಿತು.

ಹುಚ್ಚೋ, ಕಪ್ಪೆಯೋ?

ಇನ್ನು ಪಕ್ಕದ ಮನೆಯವರ ಭಯ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಯಾರನ್ನೂ ಉಳಿಸುವುದಿಲ್ಲ. ಅದರಲ್ಲೂ ಜೊಲ್ಲು ಸುರಿಯುತ್ತದೆ. ಆದರೆ ಕಾರಣ ಬೇರೆ. ಗಂಟಲಿನ ಸ್ನಾಯುಗಳು ಸೋತು, ನಾಯಿಗೆ ಉಗುಳು ನುಂಗಲಾಗುವುದಿಲ್ಲ.

ಎರಡಕ್ಕೂ ಕಾಲದಲ್ಲಿ ವ್ಯತ್ಯಾಸವಿದೆ. ಕಪ್ಪೆಯ ವಿಷ ನಿಮಿಷಗಳ ಲೆಕ್ಕದ್ದು: ಐದು ನಿಮಿಷದ ಹಿಂದೆ ಚೆನ್ನಾಗಿ ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ನೊರೆ ಕಾರುತ್ತದೆ, ಹಗುರವಾದದ್ದಾದರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ರೇಬಿಸ್ ದಿನಗಳ ಲೆಕ್ಕದ್ದು: ಸ್ವಭಾವ ಬದಲಾಗುತ್ತದೆ, ಕತ್ತಲ ಮೂಲೆ ಹುಡುಕುತ್ತದೆ ಅಥವಾ ಕಾರಣವಿಲ್ಲದೆ ಕಚ್ಚಲು ಬರುತ್ತದೆ, ಬೊಗಳುವ ದನಿ ಒಡೆಯುತ್ತದೆ, ಕೆಳದವಡೆ ಜೋತುಬೀಳುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಮೂರ್ಛೆರೋಗ, ಹೊಲಕ್ಕೆ ಹೊಡೆಯುವ ಕೀಟನಾಶಕ, ಯಾರೋ ಇಟ್ಟ ವಿಷದ ತುತ್ತು ಇವುಗಳಿಂದಲೂ ನೊರೆ ಬರುತ್ತದೆ. ಹಾಗಾಗಿ ನೊರೆಯೊಂದನ್ನೇ ನೋಡಿ ತೀರ್ಪು ಕೊಡುವುದು ಎರಡೂ ಕಡೆಗೆ ತಪ್ಪು.

ಇಲ್ಲೊಂದು ಗೆರೆ ಎಳೆದುಕೊಳ್ಳಬೇಕು. ಬಾಯಿ ತೊಳೆಯುವ ಉಪಚಾರ, ವರ್ಷವರ್ಷವೂ ರೇಬಿಸ್ ಲಸಿಕೆ ಹಾಕಿಸಿದ, ಕಪ್ಪೆಗೆ ಬಾಯಿ ಹಾಕಿದ್ದನ್ನು ಕಣ್ಣಾರೆ ಕಂಡ ಸ್ವಂತ ನಾಯಿಗೆ ಮಾತ್ರ. ಗುರುತಿಲ್ಲದ ಬೀದಿನಾಯಿಯ, ಲಸಿಕೆ ಇಲ್ಲದ ನಾಯಿಯ, ಏನಾಯಿತೆಂದು ಯಾರೂ ನೋಡದ ನಾಯಿಯ ಬಾಯಿಗೆ ಕೈಹಾಕಬಾರದು. ಅದನ್ನು ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಬೇಕು. ಅಂಥ ನಾಯಿ ಕಚ್ಚಿದರೆ, ಅದರ ಜೊಲ್ಲು ಗಾಯಕ್ಕೋ ಕಣ್ಣಿಗೋ ತಾಗಿದರೆ ಒಂದು ಕ್ಷಣವೂ ‘ಇರಲಿ, ನೋಡೋಣ’ ಎನ್ನಬಾರದು. ಗಾಯವಾದರೆ ಹದಿನೈದು ನಿಮಿಷ ಸೋಪುನೀರಿನಿಂದ, ಕಣ್ಣಾದರೆ ಬರಿಯ ನೀರಿನಿಂದ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ವರ್ಷಕ್ಕೊಂದು ಲಸಿಕೆ ಬರಿಯ ರೋಗದಿಂದ ಮಾತ್ರವಲ್ಲ, ಇಂಥ ಸಂಜೆ ಎದ್ದುಬರುವ ದೊಣ್ಣೆಯಿಂದಲೂ ನಾಯಿಯನ್ನು ಕಾಪಾಡುತ್ತದೆ.

ತಪ್ಪು ಕಪ್ಪೆಯದಲ್ಲ

ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡಿಸಿ ಮೆರವಣಿಗೆ ತೆಗೆಯುವ ನಾಡು ನಮ್ಮದು. ಮಳೆ ಬಂದ ಮೇಲೆ ಅಂಗಳಕ್ಕೆ ಬಂದ ಅದೇ ಕಪ್ಪೆಯನ್ನು ಪೊರಕೆಯಿಂದ ಹೊಡೆಯುವವರೂ ನಾವೇ. ಗೆದ್ದಲು, ಇರುವೆ, ದುಂಬಿ, ಜಿರಲೆಗಳನ್ನು ರಾತ್ರಿಯಿಡೀ ಹೆಕ್ಕಿ ತಿನ್ನುವ ಈ ಜೀವಿ ಯಾರನ್ನೂ ಅಟ್ಟಿಸಿಕೊಂಡು ಹೋಗಿ ಕಚ್ಚಿದ್ದಿಲ್ಲ. ‘ನನ್ನನ್ನು ಬಿಡು’ ಎಂದು ಹೇಳಲು ಅದಕ್ಕಿರುವುದು ಆ ಎರಡು ಹನಿ ಕಹಿಹಾಲು ಮಾತ್ರ. ಕಪ್ಪೆ ಕಂಡರೆ ಕೊಲ್ಲಬೇಕಾಗಿಲ್ಲ. ಮೊರದಲ್ಲೋ ಪ್ಲಾಸ್ಟಿಕ್ ಚೀಲ ಸುತ್ತಿದ ಕೈಯಲ್ಲೋ ಎತ್ತಿ ಬೇಲಿಯಾಚೆ ಬಿಟ್ಟರಾಯಿತು.

ಟೈಗರ್‌ನ ಮನೆಯಲ್ಲಿ ಏನಾಗಬೇಕು ಎಂಬುದು ಈಗ ಸ್ಪಷ್ಟ. ಯಾರಾದರೂ ಒಬ್ಬರು, ಬಹುಶಃ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಮಗಳು, “ಅಪ್ಪಾ, ಅದು ಕಪ್ಪೆ ಕಚ್ಚಿತು, ನಾನು ನೋಡಿದೆ” ಎಂದು ಹೇಳಬೇಕು. ಮನೆಯವರು ಆ ಮಾತಿಗೆ ಕಿವಿಗೊಡಬೇಕು. ಗೋಡೆಯ ಮೇಲೆ ಅಂಟಿಸಿದ ಲಸಿಕೆಯ ಚೀಟಿಯ ತಾರೀಖನ್ನು ಒಮ್ಮೆ ನೋಡಿ, ದೊಣ್ಣೆಯನ್ನು ಮೂಲೆಗಿಟ್ಟು, ನಲ್ಲಿಯ ಪೈಪನ್ನು ಎತ್ತಿಕೊಳ್ಳಬೇಕು. ಹತ್ತು ನಿಮಿಷದ ನೀರು, ಒಂದು ಒದ್ದೆ ಬಟ್ಟೆ, ರಾತ್ರಿ ಸ್ವಲ್ಪ ಹೊತ್ತಿನ ಎಚ್ಚರ. ಅಷ್ಟರಲ್ಲಿ ಕಪ್ಪೆಯೂ ಕುಂಟುತ್ತ ತುಳಸಿಕಟ್ಟೆಯ ಸಂದಿ ಸೇರಿಕೊಂಡಿರುತ್ತದೆ. ನಾಳೆ ಸಂಜೆ ದೀಪ ಹಚ್ಚಿದಾಗ ಅದು ಮತ್ತೆ ಹುಳು ಹೆಕ್ಕಲು ಬರುತ್ತದೆ. ಆಗ ನಾಯಿ ಕಟ್ಟಿನಲ್ಲಿರಬೇಕು, ಅಷ್ಟೇ.